ಬೆಳಕಿನ ಹಿಂದೆ ಬಿದ್ದ ಢೋಲಕ್

ಢೋಲಕ್ ಹಿಂದೆ ಬೀಳುತ್ತಿದೆ ಎಂದು ಮೊದಲು ಹೇಳಿದವರು ನಮ್ಮ ಆರ್ಕೆಸ್ಟ್ರಾದ ಮಾಲಕರು. ಕಿತ್ತೂರಿನ ಒಂದು ಕಾಲೇಜಿನ ಸಮ್ಮೇಳನದಲ್ಲಿ ನನ್ನ ಹೊಸ ಬೆಳಕಿನ ವ್ಯವಸ್ಥೆ ಅಂದು ಮೊದಲ ಸಲ ವೇದಿಕೆ ಏರಿತ್ತು. ಹಾಡಿನ ಒಂದೊಂದು ಪೆಟ್ಟಿಗೂ ಕೆಂಪು, ನೀಲಿ, ಹಳದಿ ದೀಪಗಳು ಸರತಿಯಲ್ಲಿ ಹೊತ್ತಿ ಆರುತ್ತಿದ್ದವು. ವಿದ್ಯಾರ್ಥಿಗಳು ಕುರ್ಚಿಗಳ ಮೇಲೆ ನಿಂತು ಕುಣಿದಿದ್ದರು. ನಾನು ಹಿಗ್ಗಿನಲ್ಲಿ ವೈರು ಸುತ್ತುತ್ತಿದ್ದಾಗ ಮಾಲಕರು ಬಂದು ಪಕ್ಕದಲ್ಲಿ ನಿಂತರು.

“ಲೈಟ್ ಛಲೋ ಆತು ತಮ್ಮಾ. ಆದ್ರ ಢೋಲಕ್ಕಿನ ಪೆಟ್ಟು ಕೀಬೋರ್ಡಿನ ಹಿಂದ ಬೀಳಾಕ ಹತ್ತೇತಿ. ನಿನಗ ಕೇಳಿಸಲಿಲ್ಲೇನು?”

ಕೇಳಿಸಿತ್ತು. ಆದರೆ ಅದು ನನ್ನ ಹೆಡ್‌ಫೋನಿನ ದೋಷವಿರಬೇಕು ಎಂದುಕೊಂಡಿದ್ದೆ. ಢೋಲಕ್ ಬಾರಿಸುವ ಚಾಚಾ ಮೂವತ್ತು ವರ್ಷಗಳ ಹಳೆಯ ಕೈ. ಅವರು ತಾಳ ತಪ್ಪುವುದೆಂದರೆ ನಂಬುವ ಮಾತಲ್ಲ.

“ರಾಮದುರ್ಗದ ಕಾರ್ಯಕ್ರಮದಾಗೂ ಹಿಂಗ ಆದ್ರ ಢೋಲಕ್ ಬ್ಯಾಡ ಅಂತೇನಿ ನಾ. ಮಶೀನ್ಯಾಗ ಢೋಲಕ್ಕಿನ ಸೌಂಡ್ ಐತೆಲ್ಲ, ಅದನ್ನ ಹಾಕಿದ್ರ ಆತು,” ಎಂದು ಹೇಳಿ ಮಾಲಕರು ಹೊರಟುಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಅದು ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬೈಲಹೊಂಗಲದಲ್ಲಿ ನನ್ನದೊಂದು ಟಿವಿ, ಟೇಪ್ ರಿಪೇರಿ ಅಂಗಡಿ ಇತ್ತು. ಜೊತೆಗೆ ಆರ್ಕೆಸ್ಟ್ರಾಕ್ಕೆ ಬೆಳಕಿನ ಕೆಲಸ ಮಾಡುತ್ತಿದ್ದೆ. ಆ ಮೊದಲು ನನ್ನ ದೀಪಗಳು ಮೈಕಿನ ಸದ್ದಿಗೆ ಹೊತ್ತುತ್ತಿದ್ದವು. ಪ್ರೇಕ್ಷಕರು ಸೀಟಿ ಹೊಡೆದರೂ ಹೊತ್ತುತ್ತಿದ್ದವು, ಯಾರಾದರೂ ಮೈಕಿನ ಮುಂದೆ ಕೆಮ್ಮಿದರೂ ಹೊತ್ತುತ್ತಿದ್ದವು. ಆ ವರ್ಷ ಧಾರವಾಡದಿಂದ ಒಬ್ಬ ಹೊಸ ಕೀಬೋರ್ಡ್ ವಾದಕ ನಮ್ಮ ತಂಡ ಸೇರಿದ. ವಯಸ್ಸಿನಲ್ಲಿ ನನ್ನ ಓರಗೆಯವನಾದರೂ ಎಲ್ಲರೂ ಅವನನ್ನು ಮಾಸ್ತರ ಎಂದೇ ಕರೆಯುತ್ತಿದ್ದೆವು. ಅವನು ತಂದ ಕೀಬೋರ್ಡು ಇಡೀ ಹಾಡಿನ ಹಿಮ್ಮೇಳವನ್ನು ಫ್ಲಾಪಿಯಲ್ಲಿ ಇಟ್ಟುಕೊಂಡು ತಾನೇ ನುಡಿಸುತ್ತಿತ್ತು. ಅದರ ಬೆನ್ನಿಗೆ ಐದು ಪಿನ್ನಿನ ದುಂಡನೆಯ ಒಂದು ಸಾಕೆಟ್ ಇತ್ತು. ಹಾಡು ನಡೆಯುತ್ತಿರುವಷ್ಟು ಹೊತ್ತೂ ಆ ಸಾಕೆಟ್ಟಿನಿಂದ ಮಿಡಿ ಕ್ಲಾಕ್ ಎಂಬ ಸಂಕೇತ ಹೊರಗೆ ಬರುತ್ತದೆ. ತಾಳದ ಒಂದು ಪೆಟ್ಟಿಗೆ ಇಪ್ಪತ್ನಾಲ್ಕು ಮಿಡಿತ. ಹಾಡು ಓಡಿದರೆ ಮಿಡಿತವೂ ಓಡುತ್ತದೆ, ಹಾಡು ನಿಧಾನವಾದರೆ ಅದೂ ನಿಧಾನ. ಆ ಮಿಡಿತಗಳನ್ನು ಎಣಿಸಿ ಇಪ್ಪತ್ನಾಲ್ಕಕ್ಕೊಮ್ಮೆ ದೀಪ ಹೊತ್ತಿಸಿದರೆ ಬೆಳಕು ಹಾಡಿನ ಜೊತೆಗೇ ಹೆಜ್ಜೆ ಹಾಕಬೇಕು.

ಕೇಳಲು ಸರಳ. ಡಿಪ್ಲೊಮಾದಲ್ಲಿ ಕಲಿತ ಮೈಕ್ರೋಕಂಟ್ರೋಲರ್ ಚಿಪ್ಪಿನ ಮೇಲೆ ಪ್ರೋಗ್ರಾಮ್ ಬರೆದು ಡಬ್ಬಿಯೊಂದನ್ನು ಕಟ್ಟಿದೆ. ದೀಪಗಳ ಕಡೆಯ ಮನೆಕರೆಂಟು ತಪ್ಪಿ ಕೀಬೋರ್ಡಿಗೆ ನುಗ್ಗಬಾರದೆಂದು ನಡುವೆ ಆಪ್ಟೋಕಪ್ಲರ್ ಹಾಕಿದೆ. ಅದರೊಳಗೆ ಸಂಕೇತ ತಂತಿಯಲ್ಲಿ ಹರಿಯದೆ ಬೆಳಕಾಗಿ ದಾಟುತ್ತದೆ. ಮೊದಲ ದಿನ ಮಾಸ್ತರ ಹಾಡು ನಿಲ್ಲಿಸಿದರೂ ನನ್ನ ದೀಪಗಳು ಮಾತ್ರ ಹುಚ್ಚು ಹಿಡಿದಂತೆ ಕುಣಿಯುತ್ತಲೇ ಇದ್ದವು. ಕೀಬೋರ್ಡು ‘ನಾನಿನ್ನೂ ಇದ್ದೇನೆ’ ಎಂದು ತಿಳಿಸಲು ಆಗಾಗ ಇನ್ನೊಂದು ಸಂಕೇತವನ್ನೂ ಕಳಿಸುತ್ತದೆ, ನನ್ನ ಚಿಪ್ಪು ಅದನ್ನೂ ತಾಳವೆಂದು ಎಣಿಸುತ್ತಿತ್ತು. ಅದನ್ನು ಎಣಿಕೆಯಿಂದ ಬಿಡಿಸಿದೆ. ಆಮೇಲೆ ಎರಡನೆಯ ಹಾಡಿಗೆ ದೀಪ ಅರ್ಧ ಪೆಟ್ಟು ಸರಿದು ಹೊತ್ತತೊಡಗಿತು. ಹಿಂದಿನ ಹಾಡಿನ ಉಳಿಕೆ ಎಣಿಕೆ ಒಳಗೇ ಇರುತ್ತಿತ್ತು. ಪ್ರಾರಂಭದ ಸಂಕೇತ ಬಂದೊಡನೆ ಎಣಿಕೆ ಸೊನ್ನೆಯಾಗುವಂತೆ ತಿದ್ದಿದೆ. ಡಬ್ಬಿಯ ಮೇಲೆ ಕೈಯಿಂದ ಸೊನ್ನೆ ಮಾಡಲು ಒಂದು ಗುಂಡಿಯನ್ನೂ ಇಟ್ಟೆ. ಇಷ್ಟಾದ ಮೇಲೆ ಎಲ್ಲ ಸರಿಯಾಯಿತು ಎಂದುಕೊಂಡೇ ಕಿತ್ತೂರಿಗೆ ಹೋಗಿದ್ದು.

ರಾಮದುರ್ಗಕ್ಕೆ ಮೊದಲು ಸವದತ್ತಿಯ ಒಂದು ಕಲ್ಯಾಣ ಮಂಟಪದಲ್ಲಿ ತಾಲೀಮು ಇಟ್ಟುಕೊಂಡೆವು. ಮಟಮಟ ಮಧ್ಯಾಹ್ನ. ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲು ಮಾಡಿದ್ದೆವು. ನಮ್ಮ ಗಾಯಕಿ ಅಕ್ಕಾರು ನಡುವೆ ಸ್ಪಾಟ್‌ಲೈಟಿನ ವೃತ್ತದಲ್ಲಿ, ಬಲಕ್ಕೆ ಚಾಚಾ, ಎಡಕ್ಕೆ ಮಾಸ್ತರ. ತಡ ಎಲ್ಲಿ ಆಗುತ್ತಿದೆಯೆಂದು ಹಿಡಿಯಲು ಟೇಪಿನ ಒಂದು ಬದಿಗೆ ಕೀಬೋರ್ಡಿನ ಸದ್ದನ್ನು, ಇನ್ನೊಂದು ಬದಿಗೆ ಢೋಲಕ್ಕಿನ ಮೈಕನ್ನು ಜೋಡಿಸಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಎಡಗಿವಿಯಲ್ಲಿ ಟಿಕ್, ಬಲಗಿವಿಯಲ್ಲಿ ಧಾ. ನಡುವೆ ಕೂದಲೆಳೆಯ ಅಂತರ, ಆದರೆ ಪ್ರತಿ ಪೆಟ್ಟಿಗೂ ಅಷ್ಟೇ ಅಂತರ. ಅದು ನನಗೆ ವಿಚಿತ್ರವೆನಿಸಿತು. ಮನುಷ್ಯ ತಪ್ಪಿದರೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಆಗಬೇಕು. ಇದು ಅಳತೆ ಪಟ್ಟಿ ಇಟ್ಟು ಕೊಯ್ದ ಹಾಗಿತ್ತು.

ಮಂಟಪದ ವೈರಿಂಗು ಹಳೆಯದು. ದೊಡ್ಡ ದೀಪಗಳನ್ನು ಬಹಳ ಹೊತ್ತು ಉರಿಸಿದರೆ ಫ್ಯೂಜು ಹೋಗುತ್ತಿತ್ತು. ಅದಕ್ಕೆ ಅವನ್ನು ಕಳಚಿ, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಪುಟ್ಟ ಕೆಂಪು ಎಲ್‌ಇಡಿಗಳ ಹಲಗೆಯನ್ನು ಡಬ್ಬಿಗೆ ಜೋಡಿಸಿ ಚಾಚಾ ಮುಂದೆ ನೆಲದ ಮೇಲೆ ಇಟ್ಟೆ. ಬೇರೆಲ್ಲಿಯೂ ಜಾಗವಿರಲಿಲ್ಲ. ಅದೇ ಹಾಡು ಮತ್ತೆ ಶುರುವಾಯಿತು.

ಹೆಡ್‌ಫೋನಿನಲ್ಲಿ ಅಂತರವೇ ಇಲ್ಲ. ಟಿಕ್ ಮತ್ತು ಧಾ ಒಂದರ ಮೇಲೊಂದು ಕೂತಿದ್ದವು.

ದೊಡ್ಡ ದೀಪಗಳನ್ನು ಮತ್ತೆ ಹಚ್ಚಿ ಹಲಗೆ ತೆಗೆದೆ. ಅಂತರ ಬಂತು. ದೀಪ ತೆಗೆದು ಹಲಗೆ ಇಟ್ಟೆ. ಹೋಯಿತು. ನನಗೆ ತಲೆ ಕೆಟ್ಟಿತು. ದೊಡ್ಡ ಬಲ್ಬಿನ ತಂತಿ ಕಾದು ಬೆಳಗಲು ರೆಪ್ಪೆ ಬಡಿಯುವಷ್ಟು ಹೊತ್ತು ಬೇಕು, ಎಲ್‌ಇಡಿಗೆ ಅದು ಬೇಕಿಲ್ಲ. ಇದು ನನಗೆ ಗೊತ್ತಿದ್ದದ್ದೇ. ಆದರೆ ಬಲ್ಬು ತಡವಾದರೆ ಬೆಳಕು ತಡವಾಗಬೇಕು. ಢೋಲಕ್ ಯಾಕೆ ತಡವಾಗಬೇಕು? ಢೋಲಕ್ಕಿಗೆ ನನ್ನ ಒಂದು ತಂತಿಯೂ ಹೋಗಿರಲಿಲ್ಲ.

ತಂತಿಗಳನ್ನು ಇನ್ನೊಮ್ಮೆ ನೋಡೋಣವೆಂದು ಹಾಡು ನಡೆಯುತ್ತಿರುವಾಗಲೇ ಬಗ್ಗಿದೆ. ಮೊಣಕೈ ಡಬ್ಬಿಯ ಗುಂಡಿಗೆ ತಾಗಿತು. ಎಣಿಕೆ ನಡುವೆಯೇ ಸೊನ್ನೆಯಾಗಿ ಕೆಂಪು ಚುಕ್ಕೆಗಳು ತಾಳದಿಂದ ಅರ್ಧ ಪೆಟ್ಟು ಸರಿದು ಮಿನುಗತೊಡಗಿದವು. ಚಾಚಾ ಅವರ ಕೈ ಒಂದು ಕ್ಷಣ ತಡವರಿಸಿತು. ಆಮೇಲೆ ಢೋಲಕ್ಕೂ ಅರ್ಧ ಪೆಟ್ಟು ಸರಿಯಿತು. ಕೀಬೋರ್ಡು ಒಂದು ದಾರಿ, ಢೋಲಕ್ಕು ಇನ್ನೊಂದು ದಾರಿ.

ಮಾಸ್ತರ ಚೀರಿದ: “ಚಾಚಾ! ಎಲ್ಲಿ ಹೊಂಟ್ರಿ? ಚಾಚಾ!”

ಚಾಚಾ ತಲೆ ಎತ್ತಲಿಲ್ಲ. ಅವರ ಕಣ್ಣು ಹಲಗೆಯ ಮೇಲೆ ನೆಟ್ಟಿತ್ತು. ತಪ್ಪು ತಾಳವನ್ನು ಅಚ್ಚುಕಟ್ಟಾಗಿ, ಬೆರಳು ಚಿಮ್ಮಿಸಿ, ಸಂತೋಷದಿಂದ ಬಾರಿಸುತ್ತಿದ್ದರು. ನಾನು ಅವರ ಬೆನ್ನ ಹಿಂದೆಯೇ ಇದ್ದೆ. “ಚಾಚಾ” ಎಂದೆ. ಜೋರಾಗಿ ಇನ್ನೊಮ್ಮೆ ಕೂಗಿದೆ. ಕಡೆಗೆ ಕೈ ಚಾಚಿ ಅಂಗೈಯಿಂದ ಹಲಗೆಯನ್ನು ಮುಚ್ಚಿದೆ.

ಕೈಗಳು ಇನ್ನೆರಡು ಪೆಟ್ಟು ಹೊಡೆದು ನಿಂತವು. ಅವರು ಮುಖ ಎತ್ತಿ ನನ್ನನ್ನು ನೋಡಿದರು. ಅಂಥ ಹೆದರಿಕೆಯನ್ನು ನಾನು ಅಷ್ಟು ವಯಸ್ಸಾದವರ ಮುಖದಲ್ಲಿ ಅದುವರೆಗೆ ಕಂಡಿರಲಿಲ್ಲ. ಕೀಬೋರ್ಡು ತನ್ನಷ್ಟಕ್ಕೆ ತಾನು ಹಾಡು ಮುಂದುವರಿಸಿತ್ತು.

ಅಕ್ಕಾರು ಮೈಕ್ ಕೆಳಗಿಟ್ಟು ಬಂದು ನನ್ನ ರಟ್ಟೆ ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆದೊಯ್ದರು.

“ಚಾಚಾಗ ಕಿವಿ...” ಎಂದು ನಾನು ಶುರು ಮಾಡಿದೆ.

“ಹೂಂ. ಕೇಳಂಗಿಲ್ಲ. ಮಾಲಕರ ಮುಂದ ಹೇಳಬ್ಯಾಡ.”

“ನಿಮಗ ಗೊತ್ತಿತ್ತೇನ್ರಿ ಅಕ್ಕಾರ?”

“ಅವರು ನನ್ನ ಮುಂದ ಹೇಳೂಕಿಂತ ಮೊದಲ ಗೊತ್ತಿತ್ತು. ಬಾಳ ವರ್ಷ ಆತು. ಒಂದ ಕಿವಿ ಮೊದಲ ಹೋತು, ಆಮ್ಯಾಲ ಇನ್ನೊಂದು. ಮಾತಾಡಿದ್ರ ತುಟಿ ನೋಡಿ ತಿಳಕೊಂತಾರ. ಢೋಲಕ್ಕಿನ ಶ್ರುತಿ ನಾ ತಟ್ಟಿ ನೋಡಿ ಕಣ್ಣಾಗ ಹೇಳತೇನಿ.”

ಮೆಟ್ಟಿಲ ಮೇಲೆ ಕುಳಿತು ಅವರು ಹೇಳುತ್ತ ಹೋದಂತೆ ನನಗೆ ಒಂದೊಂದೂ ಗುದ್ದಿದಂತೆ ಬಡಿಯಿತು. ಹಾರ್ಮೋನಿಯಂ ಇದ್ದ ದಿನಗಳಲ್ಲಿ ತಾಳ ಹಿಡಿಯುತ್ತಿದ್ದವರೇ ಚಾಚಾ. ಅವರು ನಡೆದಂತೆ ಉಳಿದವರು ನಡೆಯುತ್ತಿದ್ದರು. ಅವರಿಗೆ ಕೇಳಿಸದಿದ್ದರೂ ಯಾರಿಗೂ ಏನೂ ಗೊತ್ತಾಗಲಿಲ್ಲ. ಹಾಡಿನ ಎತ್ತುಗಡೆಗೆ, ನಿಲುಗಡೆಗೆ ಅಕ್ಕಾರು ಪಕ್ಕದಲ್ಲೇ ನಿಂತು ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಆಮೇಲೆ ಮಶೀನು ಬಂತು. ಮಶೀನು ಯಾರ ಹಿಂದೆಯೂ ಬರುವುದಿಲ್ಲ. ಆಗಲೂ ಅಕ್ಕಾರ ಬೆರಳು ನೋಡಿಕೊಂಡು ಅವರು ಹೇಗೋ ನಿಭಾಯಿಸಿದ್ದರು. ಆದರೆ ಕಿತ್ತೂರಿನಲ್ಲಿ ನಾನು ಅಕ್ಕಾರನ್ನು ವೇದಿಕೆಯ ನಡುವಿಗೆ ತಂದು, ಬೆಳಕಿನ ವೃತ್ತದಲ್ಲಿ ಜನರ ಕಡೆಗೆ ಮುಖ ಮಾಡಿಸಿ ನಿಲ್ಲಿಸಿದೆ. ಚಾಚಾ ಕತ್ತಲಲ್ಲಿ ಉಳಿದರು. ಆ ಕತ್ತಲಲ್ಲಿ ಅವರ ಕಣ್ಣಿಗೆ ತಾಳವೆಂದು ಕಂಡದ್ದು ನನ್ನ ದೀಪಗಳು ಮಾತ್ರ. ದೀಪ ಎಷ್ಟು ತಡವೋ ಢೋಲಕ್ ಅಷ್ಟೇ ತಡ.

ಒಳಗೆ ಬಂದಾಗ ಚಾಚಾ ಢೋಲಕ್ಕಿಗೆ ಬಟ್ಟೆ ಸುತ್ತುತ್ತಿದ್ದರು. ಮಾಸ್ತರ ಗೋಡೆಗೆ ಒರಗಿ ನಿಂತಿದ್ದ. ಅವನಿಗೂ ಅರ್ಥವಾಗಿತ್ತು. “ಹೊಸಾ ಟ್ಯೂನ್ ಮಾಡಿದಾಗೊಮ್ಮೆ ಮೊದಲ ಚಾಚಾಗ ಕೇಳಿಸ್ತಿದ್ದೆ,” ಎಂದ ನನಗೆ. “ಕಣ್ಣ ಮುಚ್ಚಿ ಕೇಳ್ತಿದ್ರು. ವಾಹ್ ಅಂತಿದ್ರು. ಯಾರ ಮುಂದ ಬಾರಿಸಾಕ ಹತ್ತಿದ್ದೆ ನಾ ಇಷ್ಟ ದಿನ?” ಅವನ ಮುಖ ಬಿಳುಚಿಕೊಂಡಿತ್ತು. ಕೋಪವೋ ದುಃಖವೋ ಅವನಿಗೇ ತಿಳಿದಂತಿರಲಿಲ್ಲ.

ಚಾಚಾ ನಮ್ಮ ತುಟಿಗಳನ್ನು ನೋಡುತ್ತಿದ್ದರು. “ಬೇಟಾ, ನನ್ನ ಕೈ ಇನ್ನೂ ಸತ್ತಿಲ್ಲ,” ಎಂದರು. “ಕೈಗೆ ಎಲ್ಲಾ ಕೇಳತೈತಿ. ಎಲ್ಲಿಂದ ಶುರು ಮಾಡಬೇಕು ಅನ್ನೂದೊಂದು ಕಾಣಿಸಿದ್ರ ಸಾಕು.”

ಅಲ್ಲಿಯವರೆಗೆ ನನ್ನ ಕೆಲಸವೆಂದರೆ ಜನರ ಕಣ್ಣಿಗೆ ಹಾಡು ಕಾಣುವಂತೆ ಮಾಡುವುದು. ಆ ಮಧ್ಯಾಹ್ನ ಲೆಕ್ಕ ತಿರುಗಿ ಬಿತ್ತು, ಹಾಡು ಈಗ ಕಾಣಬೇಕಾಗಿದ್ದುದು ಚಾಚಾ ಕಣ್ಣಿಗೆ. ಮಾಲಕರಿಗೆ ಹೇಳಿಬಿಟ್ಟರೆ ನನ್ನ ಹೆಸರು ಉಳಿಯುತ್ತಿತ್ತು, ಚಾಚಾ ಮನೆಗೆ ಹೋಗುತ್ತಿದ್ದರು. ನಾನು ಬೆಸುಗೆ ಕಡ್ಡಿ ಕಾಯಿಸಲು ಇಟ್ಟೆ.

ಒಂದೇ ಒಂದು ಕೆಂಪು ಎಲ್‌ಇಡಿಯನ್ನು ಕಪ್ಪು ಕೊಳವೆಯೊಳಗೆ ಕೂರಿಸಿ ಢೋಲಕ್ಕಿನ ಮೈಕ್ ಸ್ಟ್ಯಾಂಡಿಗೆ ಕಟ್ಟಿದೆ. ಚಾಚಾ ಅವರಿಗೆ ಬಿಟ್ಟು ಇನ್ನಾರಿಗೂ ಅದು ಕಾಣುವಂತಿರಲಿಲ್ಲ. ಆಮೇಲೆ ದೊಡ್ಡ ದೀಪಗಳ ತಡ. ಬಲ್ಬನ್ನು ಬೇಗ ಕಾಯಿಸಲು ಬರುವುದಿಲ್ಲ, ಬೇಗ ಹೊರಡಿಸಬಹುದು. ಪೆಟ್ಟು ಬೀಳುವುದಕ್ಕೆ ಮೂರು ಮಿಡಿತ ಮೊದಲೇ, ಅಂದರೆ ಎಣಿಕೆ ಇಪ್ಪತ್ತೊಂದಕ್ಕೆ ಬಂದಾಗಲೇ ಕರೆಂಟು ಹರಿಯುವಂತೆ ಪ್ರೋಗ್ರಾಮ್ ತಿದ್ದಿದೆ. ತಂತಿ ಕಾದು ಬೆಳಗುವ ಹೊತ್ತಿಗೆ ಪೆಟ್ಟು ಬಂದಿರುತ್ತದೆ. ಹಾಡಿನ ಮೊದಲ ಪೆಟ್ಟಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅದಕ್ಕೆ ಹಿಂದಿನ ಮಿಡಿತವೇ ಇಲ್ಲ. ಮಾಸ್ತರ ಗೋಡೆ ಬಿಟ್ಟು ಬಂದು ಕೀಬೋರ್ಡಿನ ಮುಂದೆ ಕೂತ. ಪ್ರತಿ ಹಾಡಿನ ಮೊದಲಿಗೂ ಸದ್ದಿಲ್ಲದ ಒಂದು ಆವರ್ತನ ಸೇರಿಸುತ್ತೇನೆ ಎಂದ. ಹಾಗೆ ಮಾಡಿದರೆ ಹಾಡಿಗಿಂತ ಮೊದಲೇ ಎಲ್‌ಇಡಿ ನಾಲ್ಕು ಸಲ ಮಿನುಗಿ ಚಾಚಾಗೆ ನಡಿಗೆ ತೋರಿಸುತ್ತದೆ.

ಸಂಜೆ ಮಾಲಕರು ಬಂದು ಕೇಳಿದರು: “ಢೋಲಕ್ಕಿಂದು ಏನಾತು?”

“ಢೋಲಕ್ಕಿಂದ ತಪ್ಪಲ್ಲರಿ. ಬಲ್ಬ್ ತಡಾ ಹತ್ತತಿತ್ತು. ಸರಿ ಮಾಡೇನಿ,” ಎಂದೆ. ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಆದರೂ ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಅವರು ಕುಳಿತು ಎರಡು ಹಾಡು ಕೇಳಿದರು, ತಲೆದೂಗಿದರು.

ರಾಮದುರ್ಗದ ಮೈದಾನ ಹೊತ್ತು ಮುಳುಗುವ ಮೊದಲೇ ತುಂಬಿತ್ತು. ನೇಕಾರರ ಓಣಿಗಳಿಂದ ಮನೆಮಂದಿಯೆಲ್ಲ ಬಂದು ಚಾಪೆ ಹಾಸಿಕೊಂಡಿದ್ದರು. ಮೊದಲ ಹಾಡಿನ ಸದ್ದಿಲ್ಲದ ಆವರ್ತನದಲ್ಲಿ ಕೆಂಪು ಚುಕ್ಕೆ ನಾಲ್ಕು ಸಲ ಮಿನುಗಿತು. ಐದನೆಯದಕ್ಕೆ ಕೀಬೋರ್ಡು, ಢೋಲಕ್ಕು, ನನ್ನ ದೀಪ ಮೂರೂ ಒಂದೇ ಏಟಿಗೆ ಬಿದ್ದವು. ಮಾಸ್ತರ ನನ್ನ ಕಡೆ ತಿರುಗಿ ನಕ್ಕ. ಚಾಚಾ ಕತ್ತು ಒಲೆದು ಬಾರಿಸುತ್ತಿದ್ದರು. ಮಾಲಕರು ಕೆಳಗೆ ಮುಂದಿನ ಸಾಲಿನಲ್ಲಿ ಕೂತು ಬೆರಳಿನಿಂದ ತಾಳ ಹಾಕುತ್ತಿದ್ದರು.

ನಾಲ್ಕನೆಯ ಹಾಡಿನ ಎರಡನೆಯ ಚರಣದಲ್ಲಿ ವೋಲ್ಟೇಜು ಕುಸಿಯಿತು. ದೀಪಗಳು ಕೆಂಪಾಗಿ ಕಂದಿ ಆರಿದವು. ಸ್ಪೀಕರುಗಳು ಗೊರಕೆ ಹೊಡೆದು ಸುಮ್ಮನಾದವು. ಕೀಬೋರ್ಡಿನ ಪರದೆ ಸತ್ತಿತು. ನನ್ನ ಡಬ್ಬಿ ಬ್ಯಾಟರಿಯ ಮೇಲಿತ್ತು, ಆದರೆ ಎಣಿಸಲು ಮಿಡಿತವೇ ಬರುತ್ತಿರಲಿಲ್ಲ. ಮೈಕ್ ಸ್ಟ್ಯಾಂಡಿನ ಕೆಂಪು ಚುಕ್ಕೆಯೂ ಇಲ್ಲವಾಯಿತು. ಚಾಚಾಗೆ ಈಗ ಬೆಳಕೂ ಇಲ್ಲ, ಸದ್ದೂ ಇಲ್ಲ.

ಢೋಲಕ್ ನಿಲ್ಲಲಿಲ್ಲ.

ಆ ಕತ್ತಲಲ್ಲಿ ಅದೊಂದೇ ನಡೆಯುತ್ತಿತ್ತು. ಒಂದು ಕೂದಲೂ ಹಿಂದೆ ಮುಂದೆ ಆಗದೆ, ಅದೇ ನಡಿಗೆ. ಗದ್ದಲ ಎಬ್ಬಿಸಲು ಹೊರಟಿದ್ದ ಜನ ಸುಮ್ಮನಾದರು. ಮೈಕಿಲ್ಲದೆ ಅಕ್ಕಾರ ದನಿ ಎದ್ದಿತು. ಅದು ವೇದಿಕೆಯ ನಡುವಿನಿಂದ ಬರುತ್ತಿರಲಿಲ್ಲ, ಬಲಗಡೆಯಿಂದ, ಕೆಳಗಿನಿಂದ ಬರುತ್ತಿತ್ತು. ಬಿಟ್ಟ ಕಡೆಯಿಂದಲೇ ಚರಣ ಮುಂದುವರಿಯಿತು. ಮೈದಾನದ ತುಂಬ ಜನ ಚಪ್ಪಾಳೆ ತಟ್ಟಿ ತಾಳ ಹಾಕತೊಡಗಿದರು. ಚಾಚಾ ಹೇಗೆ ಬಾರಿಸುತ್ತಿದ್ದಾರೆ ಎಂಬುದು ನನಗೆ ತಿಳಿಯಲೇ ಇಲ್ಲ.

ಕರೆಂಟು ಬಂದಾಗ ಎಲ್ಲರೂ ಕಂಡರು. ಅಕ್ಕಾರು ಚಾಚಾ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವರ ಭುಜದ ಮೇಲೆ ಅಂಗೈ ಇಟ್ಟು ತಾಳ ತಟ್ಟುತ್ತಿದ್ದರು. ಫ್ಲಾಪಿಯಿಂದ ಹಾಡು ಮತ್ತೆ ಕೀಬೋರ್ಡಿಗೆ ಇಳಿಯಲು ಹೊತ್ತು ಬೇಕು. ಇಳಿದರೂ ಮೊದಲಿನಿಂದಲೇ ಶುರುವಾಗುವುದು, ನಡೆಯುತ್ತಿರುವ ಮನುಷ್ಯರ ಜೊತೆ ಸೇರಲು ಅದಕ್ಕೆ ಬರುವುದಿಲ್ಲ. ಮಾಸ್ತರ ಫ್ಲಾಪಿಯನ್ನು ಹೊರಗೆಳೆದು ಪಕ್ಕಕ್ಕಿಟ್ಟು ಎರಡೂ ಕೈಯಿಂದ ನುಡಿಸತೊಡಗಿದ. ನಾನು ಡಬ್ಬಿ ಬಿಟ್ಟು ಸ್ವಿಚ್ಚುಗಳ ಮೇಲೆ ಬೆರಳಿಟ್ಟೆ. ಢೋಲಕ್ಕಿನ ಪೆಟ್ಟು ಕೇಳಿ ಕೇಳಿ, ಬಲ್ಬಿನ ತಡ ಕಳೆದು, ಸ್ವಲ್ಪ ಮೊದಲೇ ಒತ್ತುತ್ತ ಹೋದೆ. ಕೆಲವು ತಪ್ಪಿದವು. ಹಾಡು ಮುಗಿದಾಗ ಜನ ಎದ್ದು ನಿಂತಿದ್ದರು.

ಮಾಲಕರು ಮಾತ್ರ ಎದ್ದಿರಲಿಲ್ಲ. ಅವರು ಅಕ್ಕಾರ ಕೈಯನ್ನೇ ನೋಡುತ್ತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಪರದೆಯ ಹಿಂದೆ ಬಂದು ಚಾಚಾ ಬೆನ್ನ ಹಿಂದೆ ನಿಂತರು. ಮೆಲ್ಲಗೆ ಅವರ ಹೆಸರು ಹಿಡಿದು ಕರೆದರು. ಮತ್ತೊಮ್ಮೆ ಗಟ್ಟಿಯಾಗಿ ಕರೆದರು. ಚಾಚಾ ಢೋಲಕ್ಕಿನ ಹಗ್ಗ ಸಡಿಲಿಸುತ್ತಲೇ ಇದ್ದರು. ಮಾಲಕರು ಸಾಮಾನಿನ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

“ಎಷ್ಟ ವರ್ಷದಿಂದ?” ಎಂದು ಅಕ್ಕಾರನ್ನು ಕೇಳಿದರು.

“ಬಾಳ ವರ್ಷ ಆತ್ರಿ.”

“ನನ್ನ ಮಗಳ ಮದಿವ್ಯಾಗ ಬಾರಿಸಿದಾಗ?”

“ಅವಾಗೂ ಕೇಳತಿದ್ದಿಲ್ಲರಿ.”

ಅವರು ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. ಬೈಗುಳಕ್ಕೆ ಸಿದ್ಧನಾಗಿ ನಾನು ಕೆಂಪು ಚುಕ್ಕೆಯ ಗುಟ್ಟನ್ನೂ ಹೇಳಿಬಿಟ್ಟೆ, ಬೈಗುಳ ಬರಲಿಲ್ಲ. ನನ್ನನ್ನು ನೋಡಿ, “ಆ ಕೆಂಪು ಲೈಟಿಗೆ ಇನ್ನೊಂದು ಬ್ಯಾಟರಿ ಇಡು. ಈ ಹಂಗಾಮು ಹಿಂಗ ನಡೀಲಿ. ಮುಂದಿಂದು ಮುಂದ ನೋಡೂಣು,” ಎಂದರು. ಕೀಬೋರ್ಡು ಸತ್ತ ಮೇಲೆ ಬ್ಯಾಟರಿಯಿಂದ ಆಗುವುದು ಏನೂ ಇರಲಿಲ್ಲ. ಅದನ್ನು ಅವರಿಗೆ ವಿವರಿಸಲು ಹೋಗದೆ ಹೂಂ ಎಂದೆ. ಹೋಗುವಾಗ ಅವರು ಚಾಚಾ ಎದುರಿಗೆ ಹೋಗಿ ನಿಂತು, ತುಟಿ ಕಾಣುವಂತೆ ನಿಧಾನವಾಗಿ “ಛಲೋ ಬಾರಿಸಿದ್ರಿ” ಎಂದರು. ಚಾಚಾ ಎದೆಯ ಮೇಲೆ ಕೈ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ರಾಮದುರ್ಗದ ಬಸ್ ನಿಲ್ದಾಣದಲ್ಲಿ ಬೈಲಹೊಂಗಲದ ಬಸ್ಸಿಗೆ ಕಾಯುತ್ತಿದ್ದೆವು. ಚಾಚಾ ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ, ಅಕ್ಕಾರು ಆಚೆ ತುದಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಎಲ್ಲರಿಗೂ ಗೊತ್ತಾದ ಮೇಲೆ ಚಾಚಾ ಮುಖ ಹಗುರಾಗಿತ್ತು. ನನ್ನ ಕಡೆ ಬಾಗಿ, ತಮ್ಮ ದನಿ ಎಷ್ಟು ಜೋರಾಗಿದೆಯೆಂದು ತಿಳಿಯದೆ, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೇಳಿದರು:

“ಬೇಟಾ, ಖರೇ ಹೇಳು. ಅಕ್ಕಾರ ಆವಾಜ್ ಇನ್ನೂ ಮೊದಲಿನಂಗ ಐತಿ?”

ನಾನು ದಂಗಾದೆ. ಇಷ್ಟು ವರ್ಷ ಆ ದನಿಗೆ ಜೊತೆಯಾಗಿ ಬಾರಿಸಿದ ಮನುಷ್ಯ ಅದನ್ನು ಕೊನೆಗೆ ಕೇಳಿದ್ದು ಯಾವ ಕಾಲದಲ್ಲೋ. ಅಕ್ಕಾರ ದನಿ ಆಗಲೇ ಕಟ್ಟತೊಡಗಿತ್ತು. ಮೇಲಿನ ಸ್ವರಗಳಲ್ಲಿ ಬಿರುಕು ಬಿಡುತ್ತಿತ್ತು. ಮಾಸ್ತರ ಅವರಿಗಾಗಿ ಹಾಡುಗಳ ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿದ್ದ. ನಾನು ಚಾಚಾ ಕಡೆ ತಿರುಗಿ ತುಟಿ ಬಿಡಿಸಿ, “ಹಂಗ ಐತ್ರಿ ಚಾಚಾ. ಏನೂ ಆಗಿಲ್ಲ,” ಎಂದೆ.

“ಸುಳ್ಳ ಯಾಕ ಹೇಳ್ತಿ ತಮ್ಮಾ?” ಎಂದರು ಅಕ್ಕಾರು ಆಚೆಯಿಂದ. “ಒಡದ ಹೋಗೇತಿ ಅಂತ ಹೇಳು.”

ಚಾಚಾ ಅಕ್ಕಾರ ತುಟಿಗಳನ್ನು ಓದಿಕೊಂಡರು. ಆಮೇಲೆ ತಲೆ ಅಲ್ಲಾಡಿಸಿ, “ನನ್ನ ಕಿವ್ಯಾಗ ಒಡದಿಲ್ಲ ತಂಗಿ,” ಎಂದರು.

ಅಕ್ಕಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಏನೋ ಅಂದರು. ಸೆರಗಿನ ಮರೆಯಲ್ಲಿ ಅದು ಚಾಚಾಗೆ ಕಾಣಲಿಲ್ಲ. ಅಷ್ಟರಲ್ಲಿ ಬಂದ ಬಸ್ಸಿನ ಸದ್ದಿನಲ್ಲಿ ನನಗೂ ಕೇಳಿಸಲಿಲ್ಲ.